ಉಪ್ಪಾಗೆಯ ಹುಳಿ, ಕೊಬ್ಬಿನ ಕಣ

ಹಳಿಯಾಳ, ಮುಂಡಗೋಡಗಳ ಕಾಡಿನಲ್ಲಿ ತೇಗ, ಮತ್ತಿ, ಬಿದಿರುಗಳೇ ಹೆಚ್ಚು. ದಾಂಡೇಲಿ ದಾಟಿ ಜೋಯಿಡಾದ ಘಟ್ಟದಂಚಿಗೆ ಹೋದಂತೆ ಕಾಡು ನಿತ್ಯಹಸಿರಾಗುತ್ತದೆ. ಮುರುಗಲು, ಉಪ್ಪಾಗೆ ಮರಗಳು ಕಾಣುತ್ತವೆ. ಎರಡೂ ಗಾರ್ಸೀನಿಯಾ ಕುಲದವು. ಮುರುಗಲು ಹಣ್ಣು ಕೆಂಪು. ಅದರ ಸಿಪ್ಪೆ ಸಾರಿಗೆ, ಪಾನಕಕ್ಕೆ. ಉಪ್ಪಾಗೆ ಹಣ್ಣು ಹಳದಿ, ಪುಟ್ಟ ಕುಂಬಳದಂತೆ ಗೆರೆಗೆರೆ. ಅದರ ಬೀಜದಿಂದ ತುಪ್ಪ ತೆಗೆಯುವುದುಂಟು. ಒಣಗಿದ ಸಿಪ್ಪೆಯೇ ಕೇರಳದ ಮೀನುಸಾರಿನ ಹುಳಿ.

ಈ ಹುಳಿ ಸಿಟ್ರಿಕ್ ಇಲ್ಲವೆ ಟಾರ್ಟಾರಿಕ್ ಆಮ್ಲದ್ದೆಂದು ಬಹುಕಾಲ ನಂಬಲಾಗಿತ್ತು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅವರು 1965ರಲ್ಲಿ ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ತೋರಿಸಿದರು. ಸಿಟ್ರಿಕ್ ಆಮ್ಲದ ಒಡಹುಟ್ಟು ಎನ್ನಿ. ಒಂದೇ ಒಂದು ಆಮ್ಲಜನಕದ ಪರಮಾಣು ಹೆಚ್ಚು.

ಆ ಒಂದು ಪರಮಾಣುವಿನಲ್ಲೇ ಕಥೆಯಿದೆ. ಉಂಡ ಅನ್ನ, ಸಕ್ಕರೆ ಮಿಕ್ಕಾಗ ಜೀವಕೋಶವು ಸಿಟ್ರೇಟನ್ನು ಒಂದು ಕಿಣ್ವದಿಂದ ಸೀಳಿ, ಆ ತುಂಡುಗಳಿಂದ ಕೊಬ್ಬು ಕಟ್ಟುತ್ತದೆ. ಕೊಬ್ಬಿನ ಹನಿ ತುಂಬಿದಷ್ಟೂ ಕಣ ಉಬ್ಬುತ್ತದೆ. ಉಪ್ಪಾಗೆಯ ಆಮ್ಲವು ಸಿಟ್ರೇಟಿನ ವೇಷದಲ್ಲಿ ಬಂದು ಆ ಕಿಣ್ವಕ್ಕೆ ಅಡ್ಡ ಕೂರುತ್ತದೆಂದು 1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಲೋವೆನ್‌ಸ್ಟೈನ್ ತಂಡ ಕಂಡಿತು. 1970ರ ದಶಕದಲ್ಲಿ ಇದನ್ನು ತಿನ್ನಿಸಿದ ಇಲಿಗಳು ಕಡಿಮೆ ತಿಂದವು, ತೂಕದ ಏರಿಕೆಯೂ ತಗ್ಗಿತು. ವ್ಯಾಪಾರಿಗಳಿಗೆ ಇಷ್ಟು ಸಾಕಾಯಿತು!

ಮನುಷ್ಯರ ಮೇಲಿನ ದೊಡ್ಡ ಪರೀಕ್ಷೆಯ ಫಲ ಬಂದದ್ದು 1998ರಲ್ಲಿ. ನ್ಯೂಯಾರ್ಕಿನಲ್ಲಿ ಹೇಮ್ಸ್‌ಫೀಲ್ಡ್ ಮತ್ತು ಸಂಗಡಿಗರು 135 ಮಂದಿಗೆ 12 ವಾರ ಮಿತಾಹಾರ ಕೊಟ್ಟರು; ಅರ್ಧದಷ್ಟು ಜನಕ್ಕೆ ಗಾರ್ಸೀನಿಯಾ, ಉಳಿದವರಿಗೆ ಹುಸಿ ಮಾತ್ರೆ. ಗಾರ್ಸೀನಿಯಾ ನುಂಗಿದವರು ಸರಾಸರಿ 3.2 ಕಿಲೋ ಇಳಿದರು, ಹುಸಿ ಮಾತ್ರೆಯವರು 4.1 ಕಿಲೋ! ಲೆಕ್ಕಶಾಸ್ತ್ರದಂತೆ ಇದು ಗಣ್ಯವಾದ ವ್ಯತ್ಯಾಸವಲ್ಲ. ಮಾತ್ರೆಯಿಂದ ಲಾಭವಿಲ್ಲವೆಂದಷ್ಟೇ ಅರ್ಥ. ನಮ್ಮ ಮೈಯ ಕೊಬ್ಬಿನ ಬಹುಪಾಲು ಉಂಡ ಎಣ್ಣೆ-ತುಪ್ಪದಿಂದಲೇ ನೇರ ಸೇರುತ್ತದೆ. ಸಕ್ಕರೆಯಿಂದ ಹೊಸದಾಗಿ ಕಟ್ಟುವ ಪಾಲು ಸ್ವಲ್ಪ. ಮೇಲಾಗಿ, ಇಂಥ ಮಾತ್ರೆ ನುಂಗಿದ ಕೆಲವರ ಯಕೃತ್ತು ತೀವ್ರವಾಗಿ ಕೆಟ್ಟ ಪ್ರಕರಣಗಳೂ ಅನಂತರ ವರದಿಯಾದವು.

ಹಸಿರು ಚಹಾದ್ದೂ ಇದೇ ದಾರಿ. ಸುಂಡಿಲಿಯಿಂದ ಪಡೆದ ಕಣಗಳು ಗಾಜಿನ ತಟ್ಟೆಯಲ್ಲೇ ಕೊಬ್ಬಿನ ಕಣಗಳಾಗುವುದನ್ನು 1970ರ ದಶಕದಲ್ಲಿ ಹೋವರ್ಡ್ ಗ್ರೀನ್ ತೋರಿಸಿದ್ದರು. ಅಂಥ ಕಣಗಳಿಗೆ ಚಹಾದ ಇ.ಜಿ.ಸಿ.ಜಿ. ಎಂಬ ಕೆಟಚಿನ್ ಬೆರೆಸಿದಾಗ ಅವು ಹೆಚ್ಚುವುದೂ ಕೊಬ್ಬು ತುಂಬಿಕೊಳ್ಳುವುದೂ ಕುಗ್ಗಿತು. ಆದರೆ ತಟ್ಟೆಗೆ ಹಾಕಿದ ಪ್ರಮಾಣವೆಲ್ಲಿ, ಚಹಾ ಕುಡಿದವರ ರಕ್ತಕ್ಕೆ ಸೇರುವ ಅಂಶವೆಲ್ಲಿ? ದಿನಕ್ಕೆ 800 ಮಿಲಿಗ್ರಾಂ ಇಲ್ಲವೆ ಹೆಚ್ಚು ಇ.ಜಿ.ಸಿ.ಜಿ.ಯನ್ನು ಮಾತ್ರೆಯಾಗಿ ತಿಂದರೆ ಯಕೃತ್ತಿಗೆ ತೊಂದರೆಯ ಸೂಚನೆ ಕಾಣುತ್ತದೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಎಚ್ಚರಿಸಿತು.

ಇತ್ತ ನಮ್ಮ ಕಾಡಿನಲ್ಲಿ ಏನಾಯಿತು? ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಬಿಸಿಲಿಲ್ಲ, ಸಿಪ್ಪೆಯನ್ನು ಬೆಂಕಿಯ ಕಾವಿಗೇ ಒಣಗಿಸಬೇಕು, ಅದಕ್ಕೆ ರಾಶಿ ಸೌದೆ ಬೇಕು. 1990ರ ದಶಕದಲ್ಲಿ ಬೇಡಿಕೆ ಏರಿದಾಗ ಉತ್ತರ ಕನ್ನಡದ ಕಾಡಂಚಿನ ಮನೆಗಳಿಗೆ ನಾಲ್ಕು ಕಾಸು ಬಂದದ್ದು ನಿಜ. ಅದರೊಡನೆ ಪೈಪೋಟಿಯೂ ಬಂತು: ಬಲಿಯದ ಕಾಯಿಗೂ ಕೈ ಹೋಯಿತು, ಕೊಂಬೆಗೂ ಕತ್ತಿ ಬಿತ್ತು. ಕಡಿಮೆ ಸೌದೆಯ ಒಲೆಗಳು ಆಮೇಲೆ ಬಂದವು. ಸಿಪ್ಪೆಯ ಬೆಲೆ ಮಾತ್ರ ಕಡಲಾಚೆಯ ಮಾತ್ರೆಯ ಗಿರಾಕಿಯನ್ನು ನೋಡಿಕೊಂಡೇ ಏರಿಳಿಯಿತು.