ಐರಿಸ್ ಮತ್ತು ಧ್ವನಿ ಗುರುತು

ವ್ಯಕ್ತಿ ಇಂಥವರೇ ಎಂದು ಕಂಪ್ಯೂಟರ್ ಖಚಿತಪಡಿಸಿಕೊಳ್ಳುವ ಎರಡು ವಿಧಾನಗಳು. ಒಂದು, ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ವಲಯವಾದ ಐರಿಸ್‌ನ ವಿನ್ಯಾಸವನ್ನು ನೋಡುತ್ತದೆ. ಇನ್ನೊಂದು, ಮಾತಿನ ದನಿಯನ್ನು ಕೇಳುತ್ತದೆ.

ಮೊದಲು ಸುದ್ದಿಯಾದದ್ದು ಧ್ವನಿ. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಲಾರೆನ್ಸ್ ಕರ್ಸ್ಟಾ, ಧ್ವನಿಯ ಚಿತ್ರಪಟ ನೋಡಿ ಮಾತಾಡಿದವರನ್ನು ಗುರುತಿಸಬಹುದೆಂದು ಪ್ರತಿಪಾದಿಸಿದರು. ಆದರೆ ನೆಗಡಿ, ವಯಸ್ಸು, ಫೋನಿನ ಗುಣಮಟ್ಟ ಇವೆಲ್ಲ ದನಿಯನ್ನು ಬದಲಿಸುವುದರಿಂದ ಆ ಭರವಸೆ ಪ್ರಶ್ನೆಗೊಳಗಾಯಿತು. ಐರಿಸ್ ಗುರುತಿಗೆ ಕಣ್ಣಿನ ವೈದ್ಯರಾದ ಫ್ಲಾಮ್ ಮತ್ತು ಸಫೀರ್ 1987ರಲ್ಲಿ ಪೇಟೆಂಟ್ ಪಡೆದರು. ಕೇಂಬ್ರಿಜ್‌ನ ಜಾನ್ ಡಾಗ್‌ಮನ್ ಆ ವಿನ್ಯಾಸವನ್ನು 2048 ಬಿಟ್‌ಗಳ ಸಂಕೇತವಾಗಿಸಿ 1994ರಲ್ಲಿ ಪೇಟೆಂಟ್ ಪಡೆದರು. ಇನ್‌ಫ್ರಾರೆಡ್ ಬೆಳಕಿನಲ್ಲಿ ನಮ್ಮವರ ಕಡುಕಂದು ಕಣ್ಣಿನ ವಿನ್ಯಾಸವೂ ಸ್ಪಷ್ಟವಾಗಿ ಕಾಣುತ್ತದೆ.

ಬೆಂಗಳೂರಿನ ನಂದನ್ ನಿಲೇಕಣಿ ನೇತೃತ್ವದಲ್ಲಿ 2009ರಲ್ಲಿ ಕೆಲಸ ಆರಂಭಿಸಿದ ಆಧಾರ್ ಪ್ರಾಧಿಕಾರ ಹತ್ತು ಬೆರಳಚ್ಚು, ಎರಡು ಐರಿಸ್ ಮತ್ತು ಮುಖದ ಚಿತ್ರವನ್ನು ಆರಿಸಿಕೊಂಡಿತು, ಧ್ವನಿಯನ್ನು ಸೇರಿಸಲಿಲ್ಲ. ಕೋಟ್ಯಂತರ ಜನರ ನಡುವೆ ಒಬ್ಬರು ಎರಡು ಸಲ ನೋಂದಾಯಿಸಿಕೊಳ್ಳದಂತೆ ತಡೆಯುವುದು ಅದರ ಗುರಿ. ದುಡಿದು ಸವೆದ ಬೆರಳುಗಳನ್ನಷ್ಟೇ ನಂಬಿ ಕೂರುವಂತಿರಲಿಲ್ಲ.

ಕೊಪ್ಪಳ ಜಿಲ್ಲೆಯ ಬೇವೂರಿನಂಥ ಬೇಸಾಯದ ಊರುಗಳಲ್ಲಿ ಈ ಕಾರಣ ಬೇಗ ಅರ್ಥವಾಗುತ್ತದೆ. ಜೋಳ ಕೊಯ್ದು, ಶೇಂಗಾ ಕಿತ್ತು ಸವೆದ ಹೆಬ್ಬೆಟ್ಟನ್ನು ಅಜ್ಜಿಯೊಬ್ಬಳು ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಒತ್ತುತ್ತಾಳೆ. ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾಳೆ. ಗೆರೆ ಹೊಂದದಿದ್ದರೆ ಕಣ್ಣೇ ಆಸರೆ. ಬೆರಳಚ್ಚು ಹೊಂದದಿದ್ದಾಗ ಐರಿಸ್ ಬಳಸಬೇಕು, ಅದೂ ಆಗದಿದ್ದರೆ ಬೇರೆ ದಾರಿಯಲ್ಲಿ ಪಡಿತರ ಕೊಡಬೇಕು ಎಂದು ಪ್ರಾಧಿಕಾರ 2017ರಲ್ಲಿ ಸೂಚಿಸಿತು.

ಧ್ವನಿಯ ವಿಷಯಕ್ಕೆ ಬಂದರೆ, ಮಾತಾಡಿದ್ದು ಯಾರೆಂದು ತಿಳಿಯುವುದು ಬೇರೆ, ಏನು ಮಾತಾಡಿದರೆಂದು ತಿಳಿಯುವುದು ಬೇರೆ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಸಂಸ್ಥೆಯ ಸಂಶೋಧಕರು ರೈತರು ಫೋನಿನಲ್ಲಿ ಕನ್ನಡದಲ್ಲೇ ಕೇಳಿ ಕೃಷಿ ಉತ್ಪನ್ನಗಳ ಬೆಲೆ ತಿಳಿಯುವ ವ್ಯವಸ್ಥೆ ರೂಪಿಸಿದರು. ಅದು ಎರಡನೆಯ ಬಗೆ. ಅಲ್ಲಿ ಕೇಳಿದವರು ಯಾರಾದರೂ ಸರಿ, ಕೊಪ್ಪಳದ ಆಡುಮಾತೂ ಮೈಸೂರಿನ ಆಡುಮಾತೂ ಒಂದೇ ತಂತ್ರಾಂಶಕ್ಕೆ ತಿಳಿಯಬೇಕು.

ಐರಿಸ್‌ಗೆ ವಿಶೇಷ ಕ್ಯಾಮೆರಾ ಬೇಕು, ಜನ ಅದರ ಎದುರಿಗೆ ಬರಬೇಕು. ಧ್ವನಿಗೆ ಸಾಮಾನ್ಯ ಫೋನ್ ಸಾಕು, ಆದರೆ ಧ್ವನಿಮುದ್ರಿಸಿದ ಅಥವಾ ಕೃತಕವಾಗಿ ಸೃಷ್ಟಿಸಿದ ದನಿ ಮೋಸ ಮಾಡಬಲ್ಲದು. ಹಾಗಾಗಿ ಲಕ್ಷಾಂತರ ಜನರಲ್ಲಿ ಒಬ್ಬರನ್ನು ಹುಡುಕಲು ಐರಿಸ್ ಸೂಕ್ತ. ದೂರದಲ್ಲಿರುವ ಪರಿಚಿತ ಗ್ರಾಹಕರನ್ನು ಖಚಿತಪಡಿಸಿಕೊಳ್ಳಲು, ಇನ್ನೊಂದು ಪುರಾವೆಯ ಜೊತೆಗೆ, ಧ್ವನಿ ಸಾಕು. ಎರಡೂ ಕೈಕೊಟ್ಟಾಗ ಹಕ್ಕು ತಪ್ಪದಂಥ ಮೂರನೆಯ ದಾರಿಯನ್ನು ತಂತ್ರಾಂಶದಲ್ಲಿ ಮೊದಲೇ ಇಡುವುದು ರೂಪಿಸುವವರ ಹೊಣೆ.