ಅದ್ಭುತಕಥಾ ವಿಮರ್ಶೆಯ ಲುಪ್ತಗ್ರಂಥಗಳು

ಭೂತಪ್ರೇತಗಳ, ಪಾಳುಕೋಟೆಗಳ, ಮಾಟಮಂತ್ರಗಳ ಕಥೆಗಳಿಗೆ ಇಂಗ್ಲಿಷಿನಲ್ಲಿ ಓದುಗರ ಕೊರತೆ ಎಂದೂ ಇರಲಿಲ್ಲ. ಆದರೆ ಅವುಗಳನ್ನು ಶಾಸ್ತ್ರೀಯವಾಗಿ ಪರಿಶೀಲಿಸುವುದು ವಿದ್ವಾಂಸರಿಗೆ ತಕ್ಕ ಕಾರ್ಯವೆಂಬ ಭಾವನೆ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಇನ್ನೂ ಬಲಿತಿರಲಿಲ್ಲ. ಆ ಕಾಲದಲ್ಲಿ ಈ ಕಾರ್ಯಕ್ಕೆ ಕೈಯಿಕ್ಕಿದವರಲ್ಲಿ ಇಬ್ಬರು ವಿದುಷಿಯರು ಗಣ್ಯರು. ಅಮೆರಿಕದ ಡೊರೊಥಿ ಸ್ಕಾರ್ಬರೋ ಅವರು ಕೊಲಂಬಿಯಾ ವಿಶ್ವವಿದ್ಯಾಲಯದ ಡಾಕ್ಟರೇಟ್ ಪದವಿಗಾಗಿ ರಚಿಸಿದ 'ದಿ ಸೂಪರ್‌ನ್ಯಾಚುರಲ್ ಇನ್ ಮಾಡರ್ನ್ ಇಂಗ್ಲಿಷ್ ಫಿಕ್ಷನ್' 1917ರಲ್ಲಿ ಅಚ್ಚಾಯಿತು. ಇಂಗ್ಲೆಂಡಿನ ಎಡಿತ್ ಬರ್ಕ್‌ಹೆಡ್ ಅವರ 'ದಿ ಟೇಲ್ ಆಫ್ ಟೆರರ್' ಪ್ರಕಟವಾದುದು 1921ರಲ್ಲಿ.

ಸ್ಕಾರ್ಬರೋ ಅವರ ದೃಷ್ಟಿ ವಿಶಾಲವಾದುದು. ಪ್ರೇತ, ಪಿಶಾಚ, ಜಾನಪದ ಕಥೆಗಳ ಜೊತೆಗೆ ವಿಜ್ಞಾನದ ವೇಷ ತೊಟ್ಟು ಬರುವ ಅದ್ಭುತಕ್ಕೂ ಅವರು ಪ್ರತ್ಯೇಕ ಅಧ್ಯಾಯವನ್ನು ಮೀಸಲಿಟ್ಟರು. ವೈಜ್ಞಾನಿಕ ಕಥೆಯೆಂಬುದು ಒಂದು ಪ್ರಕಾರವಾಗಿ ನೆಲೆಗೊಳ್ಳುವ ಮೊದಲೇ ಈ ವಿವೇಚನೆ ನಡೆದಿತ್ತೆಂಬುದು ಸಾಮಾನ್ಯವಾದ ಸಂಗತಿಯಲ್ಲ. ಬರ್ಕ್‌ಹೆಡ್ ಅವರು ಹೊರೇಸ್ ವಾಲ್‌ಪೋಲನಿಂದ ಎಡ್ಗರ್ ಅಲನ್ ಪೋವರೆಗಿನ ಪರಂಪರೆಯನ್ನು ಕ್ರಮವಾಗಿ ಗುರುತಿಸಿದರು. ಮುಂದೆ ಹೆಸರಾದ ಕಥೆಗಾರ ಲವ್‌ಕ್ರಾಫ್ಟ್ 1927ರಲ್ಲಿ ಪ್ರಕಟಿಸಿದ 'ಸೂಪರ್‌ನ್ಯಾಚುರಲ್ ಹಾರರ್ ಇನ್ ಲಿಟರೇಚರ್' ಎಂಬ ದೀರ್ಘ ಪ್ರಬಂಧದ ಆದಿಭಾಗಕ್ಕೆ ಈ ಗ್ರಂಥವೇ ದೊಡ್ಡ ಆಸರೆಯೆಂಬುದನ್ನು ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಪ್ರಬಂಧ ಜಗತ್ಪ್ರಸಿದ್ಧವಾಯಿತು, ಆಕರವು ಸಾಮಾನ್ಯ ಓದುಗರ ಕಣ್ಣಿಗೆ ಬೀಳದೆ ಉಳಿಯಿತು. ಸಾಲ ಕೊಟ್ಟವರ ಹೆಸರು ಅಳಿದು ಪಡೆದವರ ಹೆಸರು ಉಳಿಯುವುದು ವಿದ್ವತ್ತಿನ ಲೋಕದಲ್ಲಿ ಹೊಸತೇನಲ್ಲ.

ಇಂದು ಇವೆರಡೂ ಗ್ರಂಥಗಳು ಅಂತರಜಾಲದಲ್ಲಿ ಯಾವ ಶುಲ್ಕವೂ ಇಲ್ಲದೆ ದೊರೆಯುತ್ತವೆ. ಮೈಕೆಲ್ ಹಾರ್ಟ್ ಎಂಬಾತ 1971ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಗಣಕಯಂತ್ರದಲ್ಲಿ ಆರಂಭಿಸಿದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಭಂಡಾರವು ಇವನ್ನು ಉಳಿಸಿಕೊಟ್ಟಿದೆ. 2000ದಲ್ಲಿ ಅದಕ್ಕೆ ನೆರವಾಗಿ ಸ್ವಯಂಸೇವಕರ ಬಳಗವೊಂದು ಹುಟ್ಟಿತು. ಹಳೆಯ ಪುಟದ ಛಾಯಾಚಿತ್ರವನ್ನೂ ಯಂತ್ರವು ಓದಿದ ಪಾಠವನ್ನೂ ಎದುರಿಗಿಟ್ಟುಕೊಂಡು ಒಬ್ಬರು ತಿದ್ದುತ್ತಾರೆ, ಅದನ್ನು ಮತ್ತೊಬ್ಬರು ಪರಿಶೀಲಿಸುತ್ತಾರೆ. ಓಲೆಗರಿಯ ಪ್ರತಿಗಳನ್ನು ಹೋಲಿಸಿ ಬಲ್ಲವರಿಗೆ ಈ ಶ್ರಮದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಆದರೆ ಯಾವ ಗ್ರಂಥಕ್ಕೆ ಈ ಭಾಗ್ಯ ಲಭಿಸಬೇಕೆಂಬುದನ್ನು ನಿರ್ಣಯಿಸಿದ್ದು ಗ್ರಂಥದ ಯೋಗ್ಯತೆಯಲ್ಲ, ಪ್ರಕಟಣೆಯ ವರ್ಷ. ಅಮೆರಿಕದಲ್ಲಿ 1923ಕ್ಕೆ ಮೊದಲು ಪ್ರಕಟವಾದ ಕೃತಿಗಳು ಗ್ರಂಥಸ್ವಾಮ್ಯದಿಂದ ಮುಕ್ತವಾಗಿದ್ದವು. 1998ರ ಕಾನೂನು ಸ್ವಾಮ್ಯದ ಅವಧಿಯನ್ನು 20 ವರ್ಷ ಹಿಗ್ಗಿಸಿದ್ದರಿಂದ 1923ರ ಕೃತಿಗಳು 2019ರ ಜನವರಿ 1ರವರೆಗೆ ಕಾಯಬೇಕಾಯಿತು. ಹೀಗಾಗಿ ಬರ್ಕ್‌ಹೆಡ್ ಅವರ ಗ್ರಂಥ ಕೇವಲ ಎರಡು ವರ್ಷಗಳ ಅಂತರದಲ್ಲಿ ಪಾರಾಯಿತು. ಫಿನ್ಲೆಂಡಿನ ಐನೋ ರೈಲೋ ಅವರ 'ದಿ ಹಾಂಟೆಡ್ ಕಾಸಲ್' 1927ರದಾದುದರಿಂದ 2023ರವರೆಗೆ ಬಂಧನದಲ್ಲಿಯೇ ಇತ್ತು.

ಭಾರತೀಯ ವಿದ್ವಾಂಸರೊಬ್ಬರ ಕೃತಿಯ ಸ್ಥಿತಿ ಇನ್ನೂ ವಿಚಿತ್ರ. ಬಿಹಾರದಲ್ಲಿ ಹುಟ್ಟಿ ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ದೇವೇಂದ್ರ ಪಿ. ವರ್ಮಾ ಅವರು, ಜೇನ್ ಆಸ್ಟೆನ್ ತನ್ನ 'ನಾರ್ಥ್ಯಾಂಗರ್ ಅಬೆ'ಯಲ್ಲಿ ಹೆಸರಿಸಿದ ಏಳು ಅಪೂರ್ವ ಭಯಾನಕ ಕಾದಂಬರಿಗಳನ್ನು 1968ರಲ್ಲಿ ಸಂಪಾದಿಸಿ ಮರಳಿ ಬೆಳಕಿಗೆ ತಂದವರು. ಅವರ ಪ್ರಧಾನ ವಿಮರ್ಶಾಗ್ರಂಥ 'ದಿ ಗಾಥಿಕ್ ಫ್ಲೇಮ್' 1957ರಲ್ಲಿ ಪ್ರಕಟವಾಯಿತು. ಅಮೆರಿಕದ 95 ವರ್ಷಗಳ ಲೆಕ್ಕದಂತೆ ಅದು ಮುಕ್ತವಾಗಬೇಕಾದರೆ 2053 ಬರಬೇಕು.