ರಿಸಾಲ್ವರ್: ರೋಟರ್ ಕೋನ ಮತ್ತು ವೇಗದ ನಿರ್ಣಯ

ಮೋಟಾರಿನ ರೋಟರ್ ಯಾವ ಕೋನದಲ್ಲಿದೆ ಎಂಬುದನ್ನು ತಿಳಿಸುವ ವಿದ್ಯುತ್ಕಾಂತೀಯ ಸಂವೇದಕ ರಿಸಾಲ್ವರ್. ಮೂಲತಃ ಇದೊಂದು ತಿರುಗುವ ಟ್ರಾನ್ಸ್‌ಫಾರ್ಮರ್. ಒಂದು ಸುರುಳಿಗೆ ಕೆಲವು ಕಿಲೋಹರ್ಟ್ಸ್‌ನ (ವಿದ್ಯುತ್ ಕಾರುಗಳಲ್ಲಿ ಸಾಮಾನ್ಯವಾಗಿ 10) ಪರ್ಯಾಯ ವೋಲ್ಟೇಜ್ ಕೊಡುತ್ತಾರೆ. ಪರಸ್ಪರ 90 ಡಿಗ್ರಿಯಲ್ಲಿರುವ ಇನ್ನೆರಡು ಸುರುಳಿಗಳಲ್ಲಿ ಅದೇ ಅಲೆ, ಕೋನದ ಸೈನ್ ಮತ್ತು ಕೊಸೈನ್‌ಗೆ ತಕ್ಕಂತೆ ಹಿಗ್ಗಿ ಕುಗ್ಗಿ ಮೂಡುತ್ತದೆ. ಎಣ್ಣೆ, ಧೂಳು, ಬಿಸಿ, ಅದುರುವಿಕೆಗಳನ್ನು ಇದು ಚೆನ್ನಾಗಿ ತಾಳಿಕೊಳ್ಳುತ್ತದೆ.

ಅಲೆಯ ಶಿಖರದಲ್ಲಿ ಎರಡೂ ಸಂಕೇತಗಳನ್ನು ಒಂದೇ ಕ್ಷಣಕ್ಕೆ ಅಳೆದು, ವಿಲೋಮ ಟ್ಯಾಂಜೆಂಟ್ ತೆಗೆದರೆ ಕೋನ ಸಿಗುತ್ತದೆ. ಸೈನ್ 0.50, ಕೊಸೈನ್ 0.87 ಇದ್ದರೆ 30 ಡಿಗ್ರಿ; ಕೊಸೈನ್ ಋಣವಾದರೆ 150. ಲೆಕ್ಕ ನಿಂತಿರುವುದು ಅನುಪಾತದ ಮೇಲಾದ್ದರಿಂದ ಪೂರೈಕೆಯ ವೋಲ್ಟೇಜ್ ತುಸು ಏರಿಳಿದರೂ ಉತ್ತರ ಕೆಡದು.

ವೇಗದ ವಿಷಯ ಅಷ್ಟು ಸಲೀಸಲ್ಲ. 12 ಬಿಟ್ ಅಳತೆಯಲ್ಲಿ ಒಂದು ಮೆಟ್ಟಿಲು 0.088 ಡಿಗ್ರಿ. ಮಿಲಿಸೆಕೆಂಡಿಗೊಮ್ಮೆ ಕೋನಗಳನ್ನು ಕಳೆದು ವೇಗ ತೆಗೆದರೆ, ಒಂದೇ ಮೆಟ್ಟಿಲಿನ ಏರುಪೇರು ನಿಮಿಷಕ್ಕೆ ಸುಮಾರು 15 ಸುತ್ತುಗಳ ಸುಳ್ಳು ವೇಗ ತೋರುತ್ತದೆ. ಹಾಗಾಗಿ ಬೆನ್ನಟ್ಟುವ ಕುಣಿಕೆಯೇ ಮೇಲು. ಅಂದಾಜು ಕೋನದ ಕೊಸೈನ್, ಸೈನ್‌ಗಳಿಂದ ಸಂಕೇತಗಳನ್ನು ಅಡ್ಡ ಗುಣಿಸಿ ಕಳೆದಾಗ ಉಳಿಯುವುದು ನಿಜ ಕೋನಕ್ಕೂ ಅಂದಾಜಿಗೂ ಇರುವ ವ್ಯತ್ಯಾಸದ ಸೈನ್. ಅನುಪಾತ-ಸಮಾಕಲನ ನಿಯಂತ್ರಕ ಈ ದೋಷವನ್ನು ಸೊನ್ನೆಗೆ ಎಳೆಯುತ್ತದೆ. ಅದರ ಫಲಿತವೇ ವೇಗ, ವೇಗದ ಸಮಾಕಲನವೇ ಹೊಸ ಅಂದಾಜು. ವೇಗ ಸ್ಥಿರವಾಗಿರುವಾಗ ಕೋನ ಹಿಂದೆ ಬೀಳುವುದಿಲ್ಲ, ವೇಗೋತ್ಕರ್ಷದಲ್ಲಿ ಮಾತ್ರ ಕೊಂಚ ಬೀಳುತ್ತದೆ.

ಎರಡೂ ಸಂಕೇತಗಳ ವರ್ಗಗಳ ಮೊತ್ತ ಬದಲಾಗಬಾರದು. ಅದು ಕುಸಿದರೆ ತಂತಿ ತುಂಡಾಗಿರಬಹುದು.